ನಲ್ಲಿ ಉಸಿರಾಡುವ ಹೊತ್ತು

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಬಿಡದಿಯಲ್ಲಿ ತಟ್ಟೆ ಇಡ್ಲಿಗೆಂದು ಇಳಿಯುವುದು ಬಹುಕಾಲದ ರೂಢಿ. ಹಿಂದೆ ಇಡ್ಲಿಗಿಂತ ಮೊದಲು ಮೇಜಿಗೆ ಬರುತ್ತಿದ್ದುದು ಒಂದು ಲೋಟ ನೀರು. ಅದನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಈಗ ಹಲವರು ಆ ಲೋಟವನ್ನು ಬದಿಗೆ ಸರಿಸಿ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ. ದಾರಿಹೋಕನಿಗೆ ಇದು ಸುಲಭ. ಆ ಊರಿನಲ್ಲಿಯೇ ಸಂಸಾರ ಹೂಡಿರುವ ಗೃಹಿಣಿಯಾದರೋ ಅಡಿಗೆಗೂ ಮಕ್ಕಳ ಕುಡಿಯುವ ನೀರಿಗೂ ದಿನವೂ ಬಾಟಲಿ ಕೊಳ್ಳಲಾರಳು, ನಲ್ಲಿಯನ್ನೇ ನಂಬಬೇಕು. ಆ ನಂಬಿಕೆ ಎಷ್ಟರಮಟ್ಟಿಗೆ ಸಲ್ಲುವಂಥದು?

ಅನುಮಾನಕ್ಕೆ ಕಾರಣ ಈ ಸೀಮೆಯಲ್ಲಿ ಕಣ್ಣೆದುರಿಗೇ ಇದೆ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಭಕ್ತರು ಹೇಳುವ ವೃಷಭಾವತಿ, ಕೆಂಗೇರಿಯನ್ನು ದಾಟಿ ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಬರುವ ಹೊತ್ತಿಗೆ ಹೊಳೆಯ ಹೆಸರನ್ನು ಮಾತ್ರ ಉಳಿಸಿಕೊಂಡಿರುತ್ತಾಳೆ. ಅವಳಲ್ಲಿ ಹರಿಯುವುದು ಮಹಾನಗರದ ಕೊಚ್ಚೆ, ಕಾರ್ಖಾನೆಗಳ ಕಲ್ಮಷ. 1940ರ ದಶಕದಲ್ಲಿ ಬೇಸಾಯಕ್ಕೆಂದು ಕಟ್ಟಿದ ಆ ಜಲಾಶಯದ ಕೋಡಿಯಲ್ಲಿ ನೊರೆ ಬೆಟ್ಟದಂತೆ ಏಳುವುದನ್ನು ಕಂಡವರು ಬಹಳ. ಭತ್ತ ತೂಗಾಡುತ್ತಿದ್ದ ಗದ್ದೆಗಳಲ್ಲಿ ಈಗ ಮೇವಿನ ಹುಲ್ಲು, ಎಳೆಜೋಳ. ಇಂಥ ನೀರು ಇಂಗಿದ ನೆಲದಲ್ಲಿ ತೋಡಿದ ಕೊಳವೆ ಬಾವಿಯನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳುವುದು ವಿವೇಕವಲ್ಲ.

ನೊರೆಯನ್ನು ಕಂಡು ಹೆದರುವುದು ಸಹಜ. ಆದರೆ ಮನೆಯೊಳಗಿನ ನಿತ್ಯದ ಅಪಾಯ ನೊರೆಯಂತೆ ಕಣ್ಣಿಗೆ ಕಾಣುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಮರಳಲಿಲ್ಲ. ಅಲ್ಲಿ ಯಾವ ನದಿಯೂ ನೊರೆ ಕಾರಿರಲಿಲ್ಲ.

ಸಣ್ಣ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ನೀರುಗಂಟಿ ವಾಲ್ವು ತಿರುಗಿಸಿದಾಗ ನಲ್ಲಿ ಮೊದಲು ಬುಸ್ಸೆಂದು ಗಾಳಿ ಬಿಡುತ್ತದೆ, ಕೆಮ್ಮುತ್ತದೆ, ಆಮೇಲೆ ಕೆಂಪಗಿನ ಒಂದಿಷ್ಟು ನೀರು, ಅದರ ಹಿಂದೆ ತಿಳಿನೀರು. ಆ ಗಾಳಿ ಎಲ್ಲಿಂದ ಬಂತೆಂದು ಕೇಳುವವರು ವಿರಳ. ತುಂಬಿದ ಕೊಳವೆಯಲ್ಲಿ ಒತ್ತಡವಿರುತ್ತದೆ. ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆಯೇ ಹೊರತು ಹೊರಗಿನದು ಒಳಕ್ಕೆ ಬಾರದು. ನೀರು ನಿಂತು ಕೊಳವೆ ಬರಿದಾದೊಡನೆ ವ್ಯವಹಾರ ತಿರುಗುಮುರುಗಾಗುತ್ತದೆ. ಅದೇ ಬಿರುಕಿನಿಂದ ಗಾಳಿ ಒಳಸೇರುತ್ತದೆ; ಕೊಳವೆಯ ಪಕ್ಕದಲ್ಲಿ ಚರಂಡಿಯಿದ್ದರೆ, ಚರಂಡಿಯೂ.

ಇದು ಕೇವಲ ತರ್ಕವಲ್ಲ. ಹುಬ್ಬಳ್ಳಿ–ಧಾರವಾಡದ ಕೆಲವು ಬಡಾವಣೆಗಳಿಗೆ ಹಗಲಿರುಳೂ ನೀರು ಕೊಡುವ ಏರ್ಪಾಡು ಆದಾಗ, ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಆ ಮನೆಗಳ ನೀರನ್ನೂ, ಕೆಲವು ದಿನಗಳಿಗೊಮ್ಮೆ ನೀರು ಪಡೆಯುವ ಮನೆಗಳ ನೀರನ್ನೂ ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಅವರ ಫಲಿತಾಂಶ ಕಣ್ಣು ತೆರೆಸುವಂಥದು. ಮಲದಿಂದ ಬರುವ ಇ. ಕೋಲಿ ಎಂಬ ಸೂಕ್ಷ್ಮಾಣು, ಬಿಟ್ಟು ಬಿಟ್ಟು ಬರುವ ನಲ್ಲಿಗಳಿಂದ ಹಿಡಿದ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಸಿಕ್ಕಿತು. ನಿರಂತರವಾಗಿ ಬರುವ ನಲ್ಲಿಗಳಲ್ಲಿ ನೂರಕ್ಕೆ ಒಂದರಲ್ಲಿಯೂ ಇಲ್ಲ. ಊರು ಒಂದೇ; ಬೇರೆಯಾದದ್ದು ಕೊಳವೆ ಖಾಲಿಯಿರುವ ಹೊತ್ತು.

ಈ ಕೇಡಿಗೆ ಜನರೂ ತಮ್ಮ ಪಾಲು ಸಲ್ಲಿಸುತ್ತಾರೆ. ಒತ್ತಡ ಸಾಲದೆಂದು ಮನೆಯ ಮೋಟಾರನ್ನು ನೇರವಾಗಿ ಬೀದಿಯ ಕೊಳವೆಗೇ ಜೋಡಿಸುವ ಚಾಳಿ ಯಾವ ಊರಿನಲ್ಲಿಲ್ಲ? ಮೋಟಾರು ಎಳೆದಷ್ಟೂ ಕೊಳವೆಯೊಳಗೆ ಒತ್ತಡ ಕುಸಿದು, ಬಿರುಕುಗಳು ಹೊರಗಿನ ಕೊಳೆಯನ್ನು ಹೀರುತ್ತವೆ. ಅಕ್ಕಪಕ್ಕದವರಿಗಿಂತ ಎರಡು ಕೊಡ ಹೆಚ್ಚು ತುಂಬಿಕೊಂಡ ಯಜಮಾನರು ಅವರ ಚರಂಡಿಯ ಪಾಲನ್ನೂ ತಮ್ಮ ತೊಟ್ಟಿಗೆ ಬರಮಾಡಿಕೊಂಡಿರುತ್ತಾರೆ.

ನೀರಿನಲ್ಲಿ ‘ಔಷಧದ ವಾಸನೆ’ ಎಂದು ಗೊಣಗುವವರೂ ಉಂಟು. ಆ ವಾಸನೆ ಕ್ಲೋರಿನ್ನಿನದು. ದಾರಿಯಲ್ಲಿ ನುಸುಳಿದ ರೋಗಾಣುಗಳನ್ನು ಎದುರಿಸಲು ಕೊನೆಯ ನಲ್ಲಿಯವರೆಗೂ ಬರಬೇಕಾದ ಕಾವಲುಗಾರ ಅದೇ. ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮದಂತೆ, ಕ್ಲೋರಿನ್ ಬೆರೆಸಿದ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೋಲಿಯೂ ಇರಕೂಡದು. ನಸುವಾಸನೆ ಬಂದ ದಿನಕ್ಕಿಂತ, ಯಾವ ವಾಸನೆಯೂ ಇಲ್ಲದ ದಿನವೇ ಹೆಚ್ಚು ಯೋಚಿಸಬೇಕಾದದ್ದು.

ಇನ್ನು ಶುದ್ಧೀಕರಣ ಯಂತ್ರ ಮಾರುವವರ ವಿಚಾರ. ಲೋಟಕ್ಕೆ ಪುಟ್ಟ ಮೀಟರು ಅದ್ದಿ ‘ನೋಡಿ, 700!’ ಎಂದು ಗಾಬರಿಗೊಳಿಸುತ್ತಾರೆ. ಆ ಅಂಕಿ ಕರಗಿದ ಲವಣಗಳ ಅಂದಾಜು ಮಾತ್ರ. 500ರೊಳಗಿದ್ದರೆ ಉತ್ತಮ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ನಿಯಮ ಒಪ್ಪುತ್ತದೆ. ರೋಗಾಣುಗಳ ವಿಷಯದಲ್ಲಿ ಮೀಟರು ಮೂಕ. ಕೆಲವರು ವಿದ್ಯುತ್ ಸಲಾಕೆಗಳನ್ನು ಇಳಿಬಿಟ್ಟು ನೀರನ್ನು ಕಂದು ಬಣ್ಣಕ್ಕೆ ತಿರುಗಿಸಿ ತೋರಿಸುವುದೂ ಉಂಟು; ಆ ಬಣ್ಣ ಸಲಾಕೆಯ ಕಬ್ಬಿಣದ್ದೇ ಹೊರತು ನೀರಿನ ಕೊಳೆಯಲ್ಲ. ಈ ಗಾರುಡಿಗೆ ಸಾವಿರಾರು ರೂಪಾಯಿ ತೆತ್ತ ಸಂಸಾರಗಳು ಎಷ್ಟೋ!

ಕುದಿಸುವುದು ಅಜ್ಜಿಯ ಕಾಲದ ಉಪಾಯ. ಇಂದಿಗೂ ಅದನ್ನು ಮೀರಿಸುವಂಥದು ಅಗ್ಗದಲ್ಲಿ ಸಿಗದು. ಕೊತಕೊತನೆ ಒಂದು ನಿಮಿಷ ಕುದಿದರೆ ರೋಗಾಣುಗಳು ಉಳಿಯುವುದಿಲ್ಲ. ಆದರೆ ಕುದಿಸುವುದರಿಂದ ಲವಣ, ಫ್ಲೋರೈಡು, ನೈಟ್ರೇಟು ಹೋಗುವುದಿಲ್ಲ. ನೀರು ಇಂಗಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಕೊಚ್ಚೆ ಇಂಗಿದ ನೆಲದ ಬಾವಿಗಳಲ್ಲಿ ನೈಟ್ರೇಟು ಹೆಚ್ಚುವುದುಂಟು. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿ ಕುಂದಿ, ಮೈ ನೀಲಿಗಟ್ಟುವ ಅಪಾಯವಿದೆ. ಅಂಥ ಬಾವಿಯ ನೀರನ್ನು ಕುದಿಸಿ ಹಾಲಿನ ಪುಡಿ ಕಲಸುವ ತಾಯಿ, ಒಳ್ಳೆಯದೆಂದೇ ನಂಬಿ ಕೆಟ್ಟದ್ದನ್ನು ಹೆಚ್ಚಿಸಿರುತ್ತಾಳೆ. ಕೊಳವೆ ಬಾವಿಯ ಮನೆಯವರು ಅದಕ್ಕಾಗಿಯೇ ಒಮ್ಮೆಯಾದರೂ ಪ್ರಯೋಗಾಲಯದ ಮೆಟ್ಟಿಲು ಹತ್ತಬೇಕು.

ಪುರಸಭೆಯ ನಲ್ಲಿಯಿರುವವರಿಗೆ ಮಾಡಬಹುದಾದ ಕೆಲಸ ಸಣ್ಣದು: ಗಾಳಿಯೊಡನೆ ಬರುವ ಮೊದಲ ನೀರನ್ನು ಕುಡಿಯುವ ಪಾತ್ರೆಗೆ ಹಿಡಿಯದೆ ಗಿಡಕ್ಕೋ ಅಂಗಳಕ್ಕೋ ಬಿಡುವುದು, ತೊಟ್ಟಿಯನ್ನು ಮುಚ್ಚಿಡುವುದು, ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ನೀರು ತೆಗೆಯುವುದು. ಉಳಿದದ್ದು ಪುರಸಭೆಯ ಹೊಣೆ. ನೀರನ್ನು ಪರೀಕ್ಷಿಸಿದ್ದೇವೆಂದು ಅಧಿಕಾರಿಗಳು ಹೇಳಿದಾಗ ನಾಗರಿಕರು ಕೇಳಬೇಕಾದ ಒಂದು ಪ್ರಶ್ನೆಯಿದೆ: ಮಾದರಿಯನ್ನು ಹಿಡಿದದ್ದು ಎಲ್ಲಿ? ದೊಡ್ಡ ಟ್ಯಾಂಕಿನ ಬುಡದಲ್ಲಿಯೋ, ಬಡಾವಣೆಯ ಕಟ್ಟಕಡೆಯ ಮನೆಯಲ್ಲಿ, ನಲ್ಲಿ ಕೆಮ್ಮಿ ಮುಗಿಸಿದ ಮೇಲೆಯೋ?