ಬಿರುಬಿಸಿಲಿನಲ್ಲಿ ಚಿಗುರುವ ಗುಟ್ಟು

ಯುಗಾದಿಯ ಹೊತ್ತಿಗೆ ಹಳ್ಳಗಳು ಒಣಗಿರುತ್ತವೆ, ನೆಲ ಕಾದಿರುತ್ತದೆ. ಮುಂಗಾರು ಹಿಡಿಯಲು ಇನ್ನೂ ಎರಡು ತಿಂಗಳು. ಮನೆಯ ಮುಂದಿನ ತುಳಸಿಗೆ ಒಂದು ದಿನ ನೀರು ತಪ್ಪಿದರೆ ತಲೆ ಬಾಗಿಸುತ್ತದೆ. ಆದರೆ ಯಾರೂ ನೀರೆರೆಯದ ರಸ್ತೆ ಬದಿಯ ಹೊಂಗೆ ಇದೇ ಬಿಸಿಲಿನಲ್ಲಿ ಮೈತುಂಬ ಎಳೆಯ ಎಲೆ ಹೊದ್ದು ನಿಲ್ಲುತ್ತದೆ. ಇದು ಹೇಗೆ ಸಾಧ್ಯ? ಒಂದು ಬೆಳಗಿನ ನಡಿಗೆಯಲ್ಲಿ ಉತ್ತರ ಸಿಗುತ್ತದೆ.

ಇಂಥ ನಡಿಗೆಗೆ ತುಮಕೂರಿನ ಬಳಿಯ ದೇವರಾಯನದುರ್ಗ ಹೇಳಿ ಮಾಡಿಸಿದ ಜಾಗ. ಕಾಡು, ಕಣಿವೆ, ಸುತ್ತಲ ಹಳ್ಳಿಗಳ ಗೋಮಾಳ ಮೂರನ್ನೂ ಇಲ್ಲಿ ಒಟ್ಟಿಗೆ ನೋಡಬಹುದು. ದಾರಿಯಲ್ಲಿ ಸಿಗುವುದು ನಾಮದ ಚಿಲುಮೆ. ಹಣೆಗೆ ನಾಮವಿಟ್ಟುಕೊಳ್ಳಲು ನೀರು ಸಿಗದಾಗ ಶ್ರೀರಾಮ ಬಾಣ ಹೂಡಿ ಬಂಡೆಯಿಂದ ನೀರು ಚಿಮ್ಮಿಸಿದನೆಂಬುದು ಸ್ಥಳಪುರಾಣ. ವಿಜ್ಞಾನ ಹೇಳುವುದೂ ಸ್ವಾರಸ್ಯಕರವೇ. ಮಳೆಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ನೀರು ಮಣ್ಣಿನಲ್ಲಿ ಇಂಗಿ, ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿದು, ಎಷ್ಟೋ ಕಾಲದ ನಂತರ ಚಿಲುಮೆಯಾಗಿ ಹೊರಬರುತ್ತದೆ.

ಮರಗಳೂ ಈ ಹಳೆಯ ಮಳೆಯನ್ನೇ ನಂಬಿವೆ. ಎಲೆಯ ಪತ್ರರಂಧ್ರಗಳಿಂದ ನೀರು ಸದಾ ಆವಿಯಾಗುತ್ತಿರುತ್ತದೆ. ಹಳೆಯ ಎಲೆ ಉದುರಿಸಿದೊಡನೆ ಈ ಖರ್ಚು ನಿಲ್ಲುತ್ತದೆ. ಆಳದ ಬೇರು ಹೀರಿದ ನೀರು ಕಾಂಡದಲ್ಲಿ ಉಳಿದು ಮೊಗ್ಗು ಉಬ್ಬುತ್ತದೆ. ಚಿಗುರಲು ಸೂಚನೆ ಕೊಡುವುದು ಹಗಲಿನ ಅವಧಿ. ನಮ್ಮ ಕಡೆ ಡಿಸೆಂಬರಿಗಿಂತ ಜೂನ್ ತಿಂಗಳ ಹಗಲು ಸುಮಾರು ಒಂದೂವರೆ ಗಂಟೆ ದೊಡ್ಡದು. ಹಗಲು ಬೆಳೆಯುತ್ತಿರುವುದನ್ನು ಅನೇಕ ಮರಗಳು ಗುರುತಿಸಬಲ್ಲವು.

ಮಳೆಗೆ ಮೊದಲೇ ಚಿಗುರುವ ಅವಸರವೇಕೆ? ಮುದುಮಲೈ ಕಾಡಿನಲ್ಲಿ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ನಡೆಸಿ, 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಕಾರಣ ಕೊಟ್ಟಿತು. ಮಳೆ ಬಿದ್ದ ಮೇಲೆ ಎಲೆ ತಿನ್ನುವ ಕೀಟಗಳು ಹೆಚ್ಚುತ್ತವೆ. ಮೊದಲೇ ಚಿಗುರಿದ ಎಲೆ ಅಷ್ಟರಲ್ಲಿ ಬಲಿತು ಗಟ್ಟಿಯಾಗಿರುತ್ತದೆ.

ಮುತ್ತುಗ, ಬೂರುಗಗಳದು ಇನ್ನೊಂದು ಉಪಾಯ. ಅವು ಎಲೆಗೂ ಮುಂಚೆ ಹೂ ಬಿಡುತ್ತವೆ. ಬೋಳು ಕೊಂಬೆಯ ಕೆಂಪು ಹೂ ದೂರದ ಹಕ್ಕಿಗೂ ಕಾಣುತ್ತದೆ. ಮಕರಂದಕ್ಕೆ ಬಂದ ಮೈನಾ, ಸೂರಕ್ಕಿಗಳು ಪರಾಗವನ್ನೂ ಹೊತ್ತೊಯ್ಯುತ್ತವೆ.

ಬೆಟ್ಟದಿಂದ ಕಣಿವೆಗಳತ್ತ ನೋಡಿದರೆ ಭೂಗೋಳದ ಪಾಠ. ಜಯಮಂಗಲಿ ಈ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳಲ್ಲಿ ಒಂದು ಆಂಧ್ರದ ಕಡಲತೀರಕ್ಕೆ, ಇನ್ನೊಂದು ತಮಿಳುನಾಡಿನ ತೀರಕ್ಕೆ ಹೋಗಬಹುದು.

ಇಳಿದು ಬಂದರೆ ಗೋಮಾಳ. ಮೇಲುನೋಟಕ್ಕೆ ಬರಿಯ ಬಯಲು. ಆದರೆ ಕಾಲಿಡುವ ಮುನ್ನ ನೆಲ ನೋಡಿ. ಟಿಟ್ಟಿಭ ಹಕ್ಕಿ ಇದೇ ಕಾಲದಲ್ಲಿ ಕಲ್ಲುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ನೆಲದ ಬಣ್ಣವೇ! ದನ-ಕುರಿಗಳಿಗೆ ಮೇವು ಸಿಗುವುದೂ, ಮಳೆನೀರು ಇಂಗುವುದೂ ಇಲ್ಲಿಯೇ. 1966ರ ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಕಾದಿರಿಸಲು ಹೇಳಿದವು. ಊರೊಟ್ಟಿನ ಜಮೀನುಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಆದರೂ ‘ಪಾಳು ಜಮೀನು’ ಎಂಬ ಹೆಸರಿನಲ್ಲಿ ಗೋಮಾಳ ಕರಗುವುದು ತಪ್ಪಿಲ್ಲ. ಹೋದ ವರ್ಷದ ಮಳೆಯನ್ನು ನೆಲ ಹಿಡಿದಿಟ್ಟರೆ ತಾನೇ ಈ ವರ್ಷದ ಚಿಗುರು?

ಪೋಷಕರಿಗೆ ಎರಡು ಮಾತು. ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮುನ್ನ ಹಿಂದಿರುಗಿ. ಚಿರತೆ, ಕರಡಿಗಳಿರುವ ಕಾಡಿದು. ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ, ರಸ್ತೆ ಬಿಟ್ಟು ಒಳಗೆ ಹೋಗಬೇಡಿ. ನೀರು, ಟೋಪಿ, ಟಿಪ್ಪಣಿ ಪುಸ್ತಕ ಜೊತೆಗಿರಲಿ. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಒಣ ತರಗೆಲೆಗೆ ಒಂದು ಕಿಡಿ ಸಾಕು.

ದುರ್ಗಕ್ಕೆ ಹೋಗಲಾಗದ ಮಕ್ಕಳು ಶಾಲೆಯ ಹಾದಿಯಲ್ಲಿ ಒಂದು ಮರ ಆರಿಸಿಕೊಳ್ಳಲಿ. ವಾರಕ್ಕೊಮ್ಮೆ ಅದರ ಹಳೆ ಎಲೆ, ಚಿಗುರು, ಹೂ, ಕಾಯಿ ಎಷ್ಟೆಂದು ಬರೆದಿಡಲಿ. ಮುಂದಿನ ಯುಗಾದಿಗೆ ಅದೇ ಮರ ಅದೇ ವಾರ ಚಿಗುರಿತೇ ಎಂದು ತಾಳೆ ನೋಡಲು ಆ ಪುಟಗಳು ಬೇಕಾಗುತ್ತವೆ.