ಟೊಮೆಟೊ ಎಲೆಯ ಬಾಗಿಲಿಗೆ ಕಳ್ಳಕೀಲಿ: ಗಿಡದ ಹಾರ್ಮೋನನ್ನೇ ಅಣಕಿಸುವ ದುಂಡಾಣು

ತಂಪು ಹವೆ, ಎರಡು-ಮೂರು ದಿನ ಬಿಡದ ಜಿಟಿಜಿಟಿ ಮಳೆ. ಕೆಲವು ದಿನ ಕಳೆದು ನೋಡಿದರೆ ಟೊಮೆಟೊ ಎಲೆಗಳ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಸುತ್ತ ಹಳದಿ ಉಂಗುರ. ಕಾಯಿಯ ಮೇಲೂ ಸಣ್ಣ ಉಬ್ಬು ಚುಕ್ಕೆಗಳು. ಇದು ದುಂಡಾಣು ಚುಕ್ಕೆ ರೋಗ. ಕಾರಣ, ಸ್ಯೂಡೊಮೊನಾಸ್ ಸಿರಿಂಜೆ ಅನ್ನೋ ದುಂಡಾಣು. ನಾವು ಬೀಜೋಪಚಾರಕ್ಕೆ ಬಳಸುವ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಇದರ ದಾಯಾದಿಯೇ, ಆದರೆ ಅದು ಉಪಕಾರಿ. ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ಗಿಡ ಸುಮ್ಮನೆ ಕೂತು ರೋಗ ತಗುಲಿಸಿಕೊಳ್ಳುವುದಿಲ್ಲ. ಎಲೆಯಲ್ಲಿ ಗಾಳಿಯಾಡಲು ಪತ್ರರಂಧ್ರಗಳೆಂಬ ಸಣ್ಣ ಬಾಗಿಲುಗಳಿವೆ. ದುಂಡಾಣು ಬಂದದ್ದು ಗೊತ್ತಾದರೆ ಗಿಡ ಒಂದೆರಡು ಗಂಟೆಯಲ್ಲೇ ಅವನ್ನು ಮುಚ್ಚುತ್ತೆ. ಆದರೆ ಮೂರು-ನಾಲ್ಕು ಗಂಟೆಯಲ್ಲಿ ಅವು ಮತ್ತೆ ತೆರೆದುಕೊಳ್ಳುತ್ತವೆ! ತೆರೆಸುವುದು ದುಂಡಾಣುವೇ ಅಂತ ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಗಿಡದಲ್ಲಿ ತೋರಿಸಿದರು.

ಅದರ ಕೀಲಿಯ ಹೆಸರು ಕೊರೊನಟಿನ್. ಹುಳು ಎಲೆ ಕಡಿದಾಗ ಗಿಡದಲ್ಲಿ ಜಾಸ್ಮೋನಿಕ್ ಆಮ್ಲದಿಂದ ಒಂದು ಹಾರ್ಮೋನು ಹುಟ್ಟುತ್ತೆ. ಕೊರೊನಟಿನ್ ಅದನ್ನೇ ಹೋಲುವ ವಿಷ. ಮೋಸಹೋದ ಗಿಡ ಹುಳುವಿನ ಮೇಲೆ ಯುದ್ಧಕ್ಕೆ ಸಿದ್ಧವಾಗುತ್ತೆ. ಇಂಥ ದುಂಡಾಣುವನ್ನು ಎದುರಿಸಲು ಬೇಕಾದದ್ದು ಸ್ಯಾಲಿಸಿಲಿಕ್ ಆಮ್ಲದ ದಾರಿ. ತಕ್ಕಡಿಯ ಎರಡು ತಟ್ಟೆಗಳಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತೆ. ಬಾಗಿಲು ತೆರೆಯಿತು, ಕಾವಲೂ ಸಡಿಲವಾಯಿತು.

ಸ್ಪೇನಿನ ವಿಜ್ಞಾನಿಗಳು ಟೊಮೆಟೊದ ಒಂದು ಜೀನ್ ತಿದ್ದಿ, ಈ ಕೀಲಿಗೆ ಬಾಗಿಲು ತೆರೆಯದಂಥ ಗಿಡ ಮಾಡಿದ್ದಾರೆ. ನಮ್ಮ ಹೊಲಕ್ಕೆ ಸದ್ಯಕ್ಕೆ ಇರುವ ಉಪಾಯ ಒಂದೇ: ದುಂಡಾಣು ಬಾಗಿಲವರೆಗೆ ಬಾರದಂತೆ ನೋಡಿಕೊಳ್ಳೋದು. ಒದ್ದೆ ಎಲೆಯೇ ಅದರ ರಸ್ತೆ.

* ತುಂತುರು ನೀರಾವರಿ ಬೇಡ, ಹನಿ ನೀರಾವರಿ ಮಾಡಿ. ಸಸಿಮಡಿಗೆ ಸಂಜೆ ನೀರು ಹಾಕಿ ಎಲೆ ರಾತ್ರಿಯಿಡೀ ಒದ್ದೆಯಾಗಿ ಇರಿಸಬೇಡಿ.
* ಇಬ್ಬನಿ, ಮಳೆನೀರು ಆರಿದ ಮೇಲೆಯೇ ಗಿಡ ಕಟ್ಟೋದು, ಕಾಯಿ ಬಿಡಿಸೋದು. ಒದ್ದೆ ಕೈ, ಒದ್ದೆ ಬಟ್ಟೆಯಿಂದ ರೋಗ ಸಾಲಿಂದ ಸಾಲಿಗೆ ಹೋಗುತ್ತೆ.
* ಮನೆಯಲ್ಲೇ ತೆಗೆದ ಬೀಜವಾದರೆ 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು ನೆರಳಲ್ಲಿ ಒಣಗಿಸಿ. ಔಷಧಿ ಲೇಪಿಸಿದ ಹೈಬ್ರಿಡ್ ಬೀಜಕ್ಕೆ ಇದನ್ನು ಮಾಡಬೇಡಿ.
* ಸಾಲುಗಳ ನಡುವೆ ಗಾಳಿಯಾಡಲಿ, ಯೂರಿಯಾ ಅತಿಯಾಗದಿರಲಿ. ಅದೇ ಜಾಗದಲ್ಲಿ ಟೊಮೆಟೊ ಮೇಲೆ ಟೊಮೆಟೊ ಹಾಕಬೇಡಿ.
* ಮೊದಲ ಚುಕ್ಕೆ ಕಂಡಾಗಲೇ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಿ.

ನೆನಪಿಡಿ: ತಾಮ್ರದ ಔಷಧಿ ಎಲೆಯ ಹೊರಗಿರುವ ದುಂಡಾಣುವನ್ನು ಕೊಲ್ಲುತ್ತೆ, ಒಳಹೊಕ್ಕಿದ್ದನ್ನಲ್ಲ. ಕೀಟನಾಶಕವಂತೂ ಇದಕ್ಕೆ ಕೆಲಸವೇ ಮಾಡದು. ಹುಳು ಬಂದಿದೆ ಅಂತ ಗಿಡ ಮೋಸಹೋಗಿದೆ, ನಾವೂ ಹೋಗೋದು ಬೇಡ.