ಹಗ್ಗವೆ, ಹಾವೆ?

ತೋಟಕ್ಕೆ ನೀರು ಹಾಯಿಸುವ ಹಸುರು ಬಣ್ಣದ ಕೊಳವೆಯನ್ನು ಕಂಡು ಯಾರೂ ಬೆಚ್ಚಿಬೀಳುವುದಿಲ್ಲ. ಆದರೆ ೨೦೨೨ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ರೀಡ್ಲಿ ಎಂಬ ಸಣ್ಣ ಊರಿನಲ್ಲಿ ಅಂತಹ ಒಂದು ಕೊಳವೆ ಹಳೆಯ ಉಗ್ರಾಣವೊಂದರ ಹಿಂಗೋಡೆಯ ತೂತಿನಿಂದ ಹೊರಗೆ ಬಂದಿತ್ತು. ಆ ಕಟ್ಟಡದಲ್ಲಿ ಯಾರೂ ಇಲ್ಲವೆಂದೇ ಊರೆಲ್ಲ ತಿಳಿದಿತ್ತು. ಯಾರೂ ಇಲ್ಲದ ಮನೆಗೆ ನೀರೇಕೆ? ಪುರಸಭೆಯ ಕಟ್ಟಡ ನಿಯಮಗಳನ್ನು ನೋಡಿಕೊಳ್ಳುವ ಮಹಿಳಾ ಅಧಿಕಾರಿಯೊಬ್ಬರಿಗೆ ಈ ಪ್ರಶ್ನೆ ಹೊಳೆಯಿತು. ಅವರು ಹೋಗಿ ಬಾಗಿಲು ತಟ್ಟಿದರು.

ಒಳಗೆ ಬಿಳಿಯ ನಿಲುವಂಗಿ, ಕೈಚೀಲ ತೊಟ್ಟ ಹೆಂಗಸರು ಗರ್ಭಪರೀಕ್ಷೆಯ ಪಟ್ಟಿಗಳನ್ನೂ ಕೊರೋನಾ ಪರೀಕ್ಷೆಯ ಪಟ್ಟಿಗಳನ್ನೂ ಪೊಟ್ಟಣ ಕಟ್ಟುತ್ತಿದ್ದರು. ಇನ್ನೂ ಒಳಗೆ ಶೀತಪೆಟ್ಟಿಗೆಗಳು, ಚೀಟಿ ಅಂಟಿಸಿದ ಸಣ್ಣ ಸಣ್ಣ ಸೀಸೆಗಳು, ಪಂಜರಗಳಲ್ಲಿ ಸುಮಾರು ಸಾವಿರ ಬಿಳಿ ಇಲಿಗಳು. ನಡೆಸುತ್ತಿದ್ದ ಕಂಪನಿಗೆ ಆ ಊರಿನಲ್ಲಿ ವ್ಯಾಪಾರ ಮಾಡಲು ಪರವಾನಗಿಯೇ ಇರಲಿಲ್ಲ.

ವಾಚಕರೆ, ಮುಂದೆ ನಡೆದುದನ್ನು ಹೇಳುವ ಮೊದಲು ನಮ್ಮ ಹಿರಿಯರ ಒಂದು ದೃಷ್ಟಾಂತವನ್ನು ನೆನೆಯೋಣ. ಮಬ್ಬುಗತ್ತಲೆಯಲ್ಲಿ ದಾರಿಯ ಮೇಲೆ ಏನೋ ಸುರುಳಿಯಾಗಿ ಬಿದ್ದಿದೆ. ಹಗ್ಗವನ್ನು ಹಾವೆಂದು ಬಗೆದವನು ಬೆದರಿ ಓಡಿ, ಎಡವಿ ಕಾಲು ಮುರಿದುಕೊಳ್ಳುತ್ತಾನೆ. ಶಾಸ್ತ್ರಕಾರರು ಇದನ್ನೇ ರಜ್ಜುಸರ್ಪ ನ್ಯಾಯವೆಂದರು. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹಾವನ್ನು ಹಗ್ಗವೆಂದು ಬಗೆದವನು ಕೈಯಿಕ್ಕಿ ಕಚ್ಚಿಸಿಕೊಳ್ಳುತ್ತಾನೆ. ಎರಡು ತಪ್ಪಿಗೂ ಮದ್ದು ಒಂದೇ, ದೀಪ ತರುವುದು. ರೀಡ್ಲಿಯ ಕಥೆಯೆಲ್ಲ ದೀಪ ಬರಲು ಆದ ತಡದ ಕಥೆ.

ರೀಡ್ಲಿ ಸುಮಾರು ೨೫,೦೦೦ ಜನರ ಊರು. ಸುತ್ತ ಹಣ್ಣಿನ ತೋಟಗಳು. ಜಗತ್ತಿನ ಹಣ್ಣಿನ ಬುಟ್ಟಿಯೆಂದು ತನ್ನನ್ನು ಕರೆದುಕೊಳ್ಳುವ ಊರು. ಡಿಸೆಂಬರಿನಲ್ಲಿ ಸುಳಿವು ಸಿಕ್ಕಿತು. ೨೦೨೩ರ ಮಾರ್ಚಿಯಲ್ಲಿ ಅಧಿಕಾರಿಗಳು ನ್ಯಾಯಾಲಯದ ಅಪ್ಪಣೆ ಪಡೆದು ಒಳಹೊಕ್ಕು ಶೋಧಿಸಿದರು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಕೇಂದ್ರದವರು ಬಂದು, ಸೀಸೆಗಳ ಮೇಲಿನ ಚೀಟಿಗಳನ್ನು ಓದಿ, ಸೋಂಕು ತರಬಹುದಾದ ಕನಿಷ್ಠ ೨೦ ಬಗೆಯ ವಸ್ತುಗಳ ಪಟ್ಟಿ ಮಾಡಿದರು. ಕೊರೋನಾ, ಎಚ್.ಐ.ವಿ., ಯಕೃತ್ತಿನ ಉರಿಯೂತ ತರುವ ವೈರಸ್ಸುಗಳು, ಮಲೇರಿಯ, ಡೆಂಗೆ, ರುಬೆಲ್ಲ ಮುಂತಾದ ಹೆಸರುಗಳು ಆ ಪಟ್ಟಿಯಲ್ಲಿದ್ದವು. ಜುಲೈಯಲ್ಲಿ ಅವುಗಳನ್ನೆಲ್ಲ ನಾಶಮಾಡಲಾಯಿತು. ಊರಿನ ಸಾಮಾನ್ಯ ಜನಕ್ಕೆ ಸುದ್ದಿ ತಿಳಿದುದು ಜುಲೈ ತಿಂಗಳ ಕೊನೆಗೆ, ಅದೂ ವೃತ್ತಪತ್ರಿಕೆಗಳ ಮೂಲಕ.

ಆಗ ಊರು ಹೇಗೆ ಕುದಿದಿರಬೇಕು, ತಾವೇ ಊಹಿಸಿ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ದಾರಿಯಲ್ಲಿ ತಿಂಗಳುಗಟ್ಟಲೆ ಇದು ಇತ್ತೆ? ನಮಗೇಕೆ ಹೇಳಲಿಲ್ಲ? ಜನರ ಮೊದಲ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ತನಿಖೆ ಕೆಡಬಾರದೆಂದು ಸುಮ್ಮನಿದ್ದೆವು ಎಂಬುದು ಅಧಿಕಾರಿಗಳ ಸಮಾಧಾನ. ಆ ಸಮಾಧಾನದಲ್ಲಿಯೂ ಹುರುಳಿಲ್ಲದೆ ಇಲ್ಲ. ಆದರೆ ಸರ್ಕಾರ ಬಿಟ್ಟ ಖಾಲಿ ಜಾಗವನ್ನು ಗಾಳಿಮಾತು ತುಂಬದೆ ಬಿಡುವುದಿಲ್ಲ. ಕಂಪನಿಯ ಹಿಂದೆ ಚೀನಾ ದೇಶದ ನಂಟಿದೆ ಎಂಬ ಸುದ್ದಿಯೊಡನೆ, ಇದು ಶತ್ರುಗಳ ಜೈವಿಕ ಅಸ್ತ್ರದ ಕಾರ್ಖಾನೆ ಎಂಬ ಮಾತು ದೇಶದ ಉದ್ದಗಲಕ್ಕೂ ಹಬ್ಬಿತು. ಇಲಿಗಳನ್ನು ಕೊರೋನಾ ಹೊರುವಂತೆ ಮಾರ್ಪಡಿಸಲಾಗಿದೆ ಎಂದು ನ್ಯಾಯಾಲಯದ ಕಾಗದಗಳಲ್ಲಿ ಬಂದ ಒಂದು ಹೇಳಿಕೆ ಆ ಬೆಂಕಿಗೆ ತುಪ್ಪವಾಯಿತು. ಜೈವಿಕ ಅಸ್ತ್ರವೆನ್ನಲು ಆಧಾರ ಸಿಕ್ಕಿಲ್ಲವೆಂದು ಅಧಿಕಾರಿಗಳು ಹೇಳಿದರು. ಆರು ತಿಂಗಳು ಮೌನವಾಗಿದ್ದವರ ಮಾತನ್ನು ಏಳನೆಯ ತಿಂಗಳಲ್ಲಿ ಯಾರು ನಂಬುತ್ತಾರೆ?

ಈಗ ನಾವು ದೀಪವನ್ನು ಸ್ವಲ್ಪ ಹತ್ತಿರ ಹಿಡಿಯೋಣ.

ಮೊದಲನೆಯದು ಇಲಿ. ಪರೀಕ್ಷೆಯ ಪಟ್ಟಿಗೂ ಇಲಿಗೂ ಏನು ಸಂಬಂಧ? ಗರ್ಭಪರೀಕ್ಷೆಯ ಪಟ್ಟಿಯಾಗಲಿ, ಕೊರೋನಾ ಪಟ್ಟಿಯಾಗಲಿ, ಗೆರೆ ಮೂಡಿಸುವುದು ಪ್ರತಿಕಾಯವೆಂಬ ಪದಾರ್ಥ. ನಮ್ಮ ದೇಹಕ್ಕೆ ಹೊರಗಿನ ವಸ್ತುವೊಂದು ಹೊಕ್ಕಾಗ ಅದನ್ನು ಗುರುತು ಹಿಡಿದು ಅಂಟಿಕೊಳ್ಳಲು ದೇಹವೇ ತಯಾರಿಸುವ ಪದಾರ್ಥವಿದು. ಬೀಗಕ್ಕೆ ಬೀಗದಕೈ ಹೇಗೋ ಹಾಗೆ, ಒಂದೊಂದು ವಸ್ತುವಿಗೂ ಒಂದೊಂದು ಪ್ರತಿಕಾಯ. ೧೯೭೫ರಲ್ಲಿ ಕೋಲರ್, ಮಿಲ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಯ ಜೀವಕೋಶಗಳಿಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಉಪಾಯ ಕಂಡುಹಿಡಿದರು; ೧೯೮೪ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಆದುದರಿಂದ ಪರೀಕ್ಷಾಪಟ್ಟಿಯ ಉದ್ಯಮದಲ್ಲಿ ಇಲಿ ಇರುವುದೇ ಒಂದು ಅದ್ಭುತವಲ್ಲ. ಪಟ್ಟಿ ಸರಿಯಾಗಿ ಕೆಲಸ ಮಾಡುತ್ತದೆಯೆ ಎಂದು ನೋಡಲು ರೋಗಾಣುವಿನ ಮಾದರಿಗಳು ಬೇಕಾಗುವುದೂ ಸಹಜವೇ.

ಎರಡನೆಯದು ರೋಗಗಳ ಪಟ್ಟಿ. ಹೆಸರು ಕೇಳಿದೊಡನೆ ಎದೆ ನಡುಗುತ್ತದೆ. ಆದರೆ ಎಲ್ಲ ರೋಗಗಳೂ ಒಂದೇ ದಾರಿ ಹಿಡಿದು ಬರುವುದಿಲ್ಲ. ಎಚ್.ಐ.ವಿ. ಗಾಳಿಯಲ್ಲಿ ಹಾರಿ ಬರುವುದಿಲ್ಲ. ಮಲೇರಿಯ, ಡೆಂಗೆಗಳು ಊರಿಗೆ ಹಬ್ಬಲು ಸೊಳ್ಳೆ ಬೇಕು. ಕೊರೋನಾ, ರುಬೆಲ್ಲಗಳು ಉಸಿರಿನ ಮೂಲಕ ಹರಡುವಂಥವು. ಇಷ್ಟು ಮಾತನ್ನು ಬಲ್ಲವರೊಬ್ಬರು ಮೊದಲೇ ಊರಿಗೆ ವಿವರಿಸಿದ್ದರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತಿತ್ತು.

ಹಾಗಾದರೆ ಇದು ಬರಿಯ ಹಗ್ಗವೆ? ಅಲ್ಲ, ವಾಚಕರೆ. ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ಪ್ರಯೋಗಶಾಲೆಗಳನ್ನು ಅಪಾಯಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸುವುದುಂಟು. ಮೊದಲನೆಯ ಹಂತಕ್ಕೆ ಶಾಲೆಯ ಪ್ರಯೋಗಶಾಲೆಯಷ್ಟು ವ್ಯವಸ್ಥೆ ಸಾಕು. ಮೇಲೇರಿದಂತೆಲ್ಲ ಹೊರಹೋಗುವ ಗಾಳಿಯನ್ನು ಶೋಧಿಸಬೇಕು, ಹೊರಬೀಳುವ ಕಸವನ್ನು ಆವಿಯಲ್ಲಿ ಬೇಯಿಸಬೇಕು, ಒಳಹೋಗುವವರನ್ನು ಲೆಕ್ಕವಿಡಬೇಕು. ನಾಲ್ಕನೆಯ ಹಂತದ ಶಾಲೆಯೊಂದು ಪುಣೆಯ ರಾಷ್ಟ್ರೀಯ ವೈರಸ್ ಸಂಸ್ಥೆಯಲ್ಲಿ ೨೦೧೨ರಲ್ಲಿ ಆರಂಭವಾಯಿತು. ಪರವಾನಗಿಯೆಂದರೆ ಕೇವಲ ಮುದ್ರೆಯೊತ್ತಿದ ಕಾಗದವಲ್ಲ. ಇಂತಹ ಕಡೆ ಇಂತಹ ವಸ್ತು ಇದೆ, ಇಂಥವರು ಅದಕ್ಕೆ ಹೊಣೆ, ಬೆಂಕಿ ಬಿದ್ದರೆ ಬೆಂಕಿ ಆರಿಸುವವರು ಏನು ತೊಟ್ಟು ಒಳಹೋಗಬೇಕು ಎಂಬುದು ಊರಿಗೆ ಮುಂಚಿತವಾಗಿ ತಿಳಿದಿರುವುದೇ ಪರವಾನಗಿ. ರೀಡ್ಲಿಯ ಉಗ್ರಾಣದಲ್ಲಿ ಈ ಯಾವುದೂ ಊರಿಗೆ ತಿಳಿದಿರಲಿಲ್ಲ. ಒಂದು ರಾತ್ರಿ ವಿದ್ಯುತ್ತು ನಿಂತು ಶೀತಪೆಟ್ಟಿಗೆಗಳು ಬೆಚ್ಚಗಾದರೆ? ಕೆಲಸದ ಹೆಂಗಸೊಬ್ಬಳ ಕೈಗೆ ಸೂಜಿ ಚುಚ್ಚಿದರೆ? ದುರುದ್ದೇಶವಿಲ್ಲದೆಯೂ ಕೇಡಾಗಬಹುದು. ಬೇಜವಾಬ್ದಾರಿಯೇ ಸಾಕು.

ಮೂರನೆಯದು ಚೀಟಿ. ನಮ್ಮ ಮನೆಯ ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಸೀಸೆಯೊಂದಿದೆ. ಅದರಲ್ಲಿರುವುದು ಸಾರಿನ ಪುಡಿ. ಮನೆಯಾಕೆಗೆ ಇದು ಗೊತ್ತು, ನನಗೂ ಗೊತ್ತು. ಆದರೆ ಊರಿನಿಂದ ಬಂದ ನಮ್ಮ ಭಾವಮೈದುನ ಒಮ್ಮೆ ಅದನ್ನು ಹಾಲಿಗೆ ಬೆರೆಸಿ ಕುಡಿಯಲು ಹೋಗಿದ್ದ. ಚೀಟಿಯೇ ಬೇರೆ, ಒಳಗಿನ ವಸ್ತುವೇ ಬೇರೆ. ರೀಡ್ಲಿಯಲ್ಲಿಯೂ ನಿಜವಾದ ವಿವಾದ ನಿಂತದ್ದು ಈ ಮಾತಿನ ಮೇಲೆಯೇ. ೨೦೨೩ರ ನವೆಂಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೊಂದು ವರದಿ ಹೊರಡಿಸಿತು. ಒಂದು ಶೀತಪೆಟ್ಟಿಗೆಯ ಮೇಲೆ ಎಬೋಲಾ ಎಂದು ಬರೆದಿತ್ತು, ಆದರೂ ರೋಗ ನಿಯಂತ್ರಣ ಕೇಂದ್ರದವರು ಯಾವ ಸೀಸೆಯನ್ನೂ ತೆರೆದು ಪರೀಕ್ಷಿಸಲಿಲ್ಲ ಎಂಬುದು ಅದರ ಆಕ್ಷೇಪ. ಕಾನೂನು ವಿಶೇಷವಾಗಿ ನಿಯಂತ್ರಿಸುವ ಅತ್ಯಪಾಯಕರ ರೋಗಾಣುಗಳು ಅಲ್ಲಿದ್ದವೆನ್ನಲು ತಮಗೆ ಪುರಾವೆ ಕಾಣಲಿಲ್ಲವೆಂದು ಕೇಂದ್ರದವರ ಉತ್ತರ. ಅಷ್ಟರೊಳಗೆ ಸೀಸೆಗಳು ನಾಶವಾಗಿದ್ದವು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಗಾದೆ. ಪ್ರಮಾಣಿಸಿ ನೋಡದೆ ನಾಶಮಾಡಿದ ವಸ್ತು ಹಗ್ಗವಾಗಿತ್ತೆಂದು ಹೇಳಿದರೂ ನಂಬದವರಿದ್ದಾರೆ, ಹಾವಾಗಿತ್ತೆಂದರೂ ನಂಬದವರಿದ್ದಾರೆ. ಸಂದೇಹಕ್ಕೆ ಶಾಶ್ವತವಾಗಿ ಮನೆ ಕಟ್ಟಿಕೊಟ್ಟಂತಾಯಿತು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ೨೦೨೩ರ ಅಕ್ಟೋಬರಿನಲ್ಲಿ ಕಂಪನಿಯನ್ನು ನಡೆಸುತ್ತಿದ್ದನೆನ್ನಲಾದ ವ್ಯಕ್ತಿಯನ್ನು ಬಂಧಿಸಿದಾಗ ಹೊರಿಸಿದ ಆಪಾದನೆ ಯುದ್ಧಾಸ್ತ್ರದ್ದಲ್ಲ. ಸರಿಯಾದ ಅನುಮತಿಯಿಲ್ಲದೆ, ತಪ್ಪು ಹೆಸರುಪಟ್ಟಿಯ ಪರೀಕ್ಷಾ ಸಾಧನಗಳನ್ನು ತಯಾರಿಸಿ ಮಾರಿದುದು ಮತ್ತು ಅಧಿಕಾರಿಗಳಿಗೆ ಸುಳ್ಳು ಹೇಳಿದುದು. ಜನ ಆಕಾಶದಲ್ಲಿ ಹದ್ದನ್ನು ಹುಡುಕುತ್ತಿದ್ದಾಗ ನೆಲದ ಮೇಲಿನ ಬಿಲ ಯಾರ ಕಣ್ಣಿಗೂ ಬೀಳಲಿಲ್ಲ. ಆ ಬಿಲ ಯಾವುದೆಂದರೆ, ಸರ್ಕಾರದ ಹಣ ಪಡೆಯದ, ವಿಶೇಷ ಪಟ್ಟಿಯ ರೋಗಾಣುಗಳನ್ನು ಇಟ್ಟುಕೊಂಡಿರುವೆನೆಂದು ಹೇಳಿಕೊಳ್ಳದ ಖಾಸಗಿ ಶಾಲೆಯ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ಕಣ್ಣು ಬಹುಮಟ್ಟಿಗೆ ಬೀಳುವುದೇ ಇಲ್ಲ.

ಜನರ ಭಯವನ್ನು ಆಳುವವರು ಎರಡು ರೀತಿಯಲ್ಲಿ ಕಂಡುದಕ್ಕೆ ಹಿಂದೆಯೂ ನಿದರ್ಶನಗಳುಂಟು. ೧೯೭೯ರ ಏಪ್ರಿಲಿನಲ್ಲಿ ಸೋವಿಯೆತ್ ದೇಶದ ಸ್ವೆರ್ಡ್ಲೋವ್‌ಸ್ಕ್ ನಗರದಲ್ಲಿ ನೆರಡಿ ರೋಗದಿಂದ, ಎಂದರೆ ಆಂತ್ರಾಕ್ಸಿನಿಂದ, ಅರವತ್ತಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರೆಂದು ಸರ್ಕಾರ ಹೇಳಿತು. ಅಲ್ಲಿನ ಸೈನ್ಯದ ಶಾಲೆಯಿಂದ ರೋಗಾಣು ಹೊರಬಿದ್ದಿತೆಂಬುದು ಒಪ್ಪಿಕೊಳ್ಳಲ್ಪಟ್ಟದ್ದು ೧೯೯೨ರಲ್ಲಿ, ಯೆಲ್ಟ್‌ಸಿನ್ ಅಧ್ಯಕ್ಷರಾಗಿದ್ದಾಗ. ಹಾವನ್ನು ಹಗ್ಗವೆಂದು ಹೇಳಿ ಹದಿಮೂರು ವರ್ಷ ಕಳೆದರು. ಸತ್ತವರ ಮನೆಯವರಿಗೆ ಕಾರಣ ತಿಳಿಯುವ ಹಕ್ಕೂ ಇರಲಿಲ್ಲ.

ಇದಕ್ಕೆ ಎದುರಾಗಿ ಅಮೆರಿಕದ ಕೇಂಬ್ರಿಜ್ ನಗರವನ್ನು ನೋಡಿ. ೧೯೭೬ರಲ್ಲಿ ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾನಿಲಯ ವಂಶವಾಹಿಗಳನ್ನು ಜೋಡಿಸುವ ಹೊಸ ಸಂಶೋಧನೆಗೆ ಒಂದು ಪ್ರಯೋಗಶಾಲೆ ಕಟ್ಟಲು ಹೊರಟಿತು. ನಗರಾಧ್ಯಕ್ಷ ಆಲ್ಫ್ರೆಡ್ ವೆಲ್ಲೂಚಿ ಬಹಿರಂಗ ಸಭೆ ಕರೆದು ವಿಜ್ಞಾನಿಗಳನ್ನು ಪ್ರಶ್ನೆಗಳಿಂದ ಬೆವರಿಳಿಸಿದರು. ನಗರಸಭೆ ಕೆಲಸವನ್ನು ಕೆಲವು ತಿಂಗಳು ತಡೆಹಿಡಿದು, ಆ ವಿದ್ಯೆಯಲ್ಲಿ ಪರಿಣತರಲ್ಲದ ನಾಗರಿಕರ ಸಮಿತಿಯೊಂದನ್ನು ನೇಮಿಸಿತು. ಅವರು ತಿಂಗಳುಗಟ್ಟಲೆ ಎರಡು ಪಕ್ಷದ ಮಾತನ್ನೂ ಕುಳಿತು ಕೇಳಿದರು, ಗೊತ್ತಿಲ್ಲದುದನ್ನು ನಾಚಿಕೆಯಿಲ್ಲದೆ ಕೇಳಿ ತಿಳಿದುಕೊಂಡರು. ಕಟ್ಟುನಿಟ್ಟಾದ ನಿಯಮಗಳೊಡನೆ ಸಂಶೋಧನೆ ನಡೆಯಲಿ ಎಂದರು. ೧೯೭೭ರಲ್ಲಿ ನಗರ ಅದನ್ನು ಕಾನೂನಾಗಿಸಿತು. ವಿಜ್ಞಾನ ಊರು ಬಿಟ್ಟು ಓಡಿಹೋಗಲಿಲ್ಲ. ಕೇಂಬ್ರಿಜ್ ಇಂದು ಜೈವಿಕ ತಂತ್ರಜ್ಞಾನದ ಹೆಸರುವಾಸಿ ಕೇಂದ್ರ. ನಿಯಮ ಸ್ಪಷ್ಟವಾಗಿದ್ದ ಕಡೆ ಜನಕ್ಕೂ ನೆಮ್ಮದಿ, ವಿದ್ವಾಂಸರಿಗೂ ನೆಮ್ಮದಿ.

ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಎದ್ದು, “ಹಾಗಾದರೆ ಮೇಷ್ಟ್ರೆ, ಇಂತಹ ಶಾಲೆಗಳೇ ಇಲ್ಲದಿದ್ದರೆ ಒಳ್ಳೆಯದಲ್ಲವೆ?” ಎಂದಳು. ನಾನು ಮಲೆನಾಡಿನ ಕಡೆ ಬೆರಳು ತೋರಿಸಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಳ್ಳಿಯವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ರಕ್ತ ಪರೀಕ್ಷಿಸಿ, ಇದು ಉಣ್ಣೆಯಿಂದ ಹರಡುವ ಹೊಸ ವೈರಸ್ಸೆಂದು ತೋರಿಸಿಕೊಟ್ಟರು. ಮಂಗ ಸತ್ತ ಜಾಗಕ್ಕೆ ಹೋಗಬಾರದು, ಉಣ್ಣೆ ಮೈಗೆ ಹತ್ತದಂತೆ ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ನಮಗೆ ಬಂದುದು ಅಂತಹ ಶಾಲೆಗಳಿಂದಲೇ. ಶಾಲೆ ಬೇಕು, ಅದಕ್ಕೆ ಕಿಟಕಿಯೂ ಬೇಕು.

ಆದುದರಿಂದ ವಾಚಕರೆ, ನಾಳೆ ಇಂತಹ ಸುದ್ದಿ ತಮ್ಮ ಕಿವಿಗೆ ಬಿದ್ದರೆ ನಾಲ್ಕು ಪ್ರಶ್ನೆ ಕೇಳಿ. ಕಂಡವರು ಯಾರು? ಕಂಡುದು ವಸ್ತುವನ್ನೋ, ವಸ್ತುವಿನ ಮೇಲಿನ ಚೀಟಿಯನ್ನೋ? ಪರೀಕ್ಷಿಸಿ ನೋಡಿದವರುಂಟೆ? ಊರಿಗೆ ಹೇಳಬೇಕಾದವರು ಯಾವಾಗ ಹೇಳಿದರು? ಉತ್ತರ ಸಿಗುವವರೆಗೆ ಪಕ್ಕದ ಮನೆಗೆ ಸುದ್ದಿ ದಾಟಿಸಬೇಡಿ. ಉತ್ತರ ಕೇಳುವುದನ್ನು ಬಿಡಲೂ ಬೇಡಿ. ರೀಡ್ಲಿಯ ಆ ಅಧಿಕಾರಿಣಿ ಮಾಡಿದುದು ಇಷ್ಟೇ. ಕೊಳವೆಯನ್ನು ಕಂಡು ಕೂಗಿಕೊಳ್ಳಲಿಲ್ಲ, ಕಾಣದವರಂತೆ ಮುಂದೆ ನಡೆಯಲೂ ಇಲ್ಲ. ಹತ್ತಿರ ಹೋಗಿ ಬಾಗಿಲು ತಟ್ಟಿದರು.